ಅಡುಗೆಮನೆಗೆ ಬಂದದ್ದು ಯಾಕೆ ಅಂತ ಮರೆತರೆ ತಪ್ಪು ಗಮನದ್ದಾ, ನೆನಪಿನದಾ?

ನೀವು ಒಂದೇ ಉಸಿರಿಗೆ ಮೂರು ಪ್ರಶ್ನೆ ಕೇಳಿದ್ದೀರಿ. ಅಡುಗೆಮನೆಗೆ ಹೋಗಿ ನಿಂತ ಮೇಲೆ ಯಾಕೆ ಬಂದೆ ಅಂತ ಮರೆತುಹೋದರೆ ಅದು ಗಮನದ ತಪ್ಪಾ, ನೆನಪಿನ ತಪ್ಪಾ? ಇದನ್ನೆಲ್ಲ ಕೋತಿಯ ಮೆದುಳಿನಲ್ಲಿ ಹೇಗೆ ಪತ್ತೆ ಮಾಡಿದರು? ಚಿಂಪಾಂಜಿಯ ನೆನಪು ನಮಗಿಂತ ಚುರುಕಂತೆ, ನಿಜವಾ?

ನಾನು ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು, ಮೆದುಳಿನ ಸಂಶೋಧಕ ಅಲ್ಲ. ಆದರೆ ಈ ವಿಷಯದ ಹುಚ್ಚು ಹಳೆಯದು. ಮೊದಲ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಗಮನ ಮತ್ತು ಕ್ಷಣದ ನೆನಪು ಎರಡೂ ಬಹುಮಟ್ಟಿಗೆ ಒಂದೇ ಕೆಲಸ. ಕಣ್ಣೆದುರು ಇರುವುದನ್ನು ಮನಸ್ಸು ಹಿಡಿದುಕೊಂಡರೆ ಗಮನ ಅಂತೀವಿ. ಅದೇ ವಸ್ತು ಕಣ್ಮರೆಯಾದ ಮೇಲೂ ಹಿಡಿತ ಬಿಡದಿದ್ದರೆ ನೆನಪು ಅಂತೀವಿ.

ಒಮ್ಮೆ ಚಾಮುಂಡಿ ಬೆಟ್ಟದಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ನಿಂತಿದ್ದೆ. ಒಂದು ಕೋತಿ ಪಕ್ಕದಲ್ಲಿ ಬಂದು ಕೂತಿತು. ನನ್ನ ಕಡೆ ತಿರುಗಿಯೂ ನೋಡಲಿಲ್ಲ, ಎತ್ತಲೋ ನೋಡುತ್ತಾ ಸುಮ್ನೆ ಕೂತಿತ್ತು. ಪಾಪದ್ದು ಅಂದುಕೊಂಡೆ. ಮರುಗಳಿಗೆಯಲ್ಲಿ ಚೀಲ ಅದರ ಕೈಯಲ್ಲಿತ್ತು! ಕಣ್ಣು ಒಂದು ಕಡೆ, ಗಮನ ಇನ್ನೊಂದು ಕಡೆ. ಕೋತಿಗೆ ಇದು ಚೆನ್ನಾಗಿ ಬರುತ್ತದೆ. ವಿಜ್ಞಾನಿಗಳು ಬಳಸಿಕೊಂಡದ್ದೂ ಇದನ್ನೇ. ಪರದೆಯ ನಡುವಿನ ಚುಕ್ಕಿಯನ್ನೇ ದಿಟ್ಟಿಸುತ್ತಾ, ಬದಿಯಲ್ಲಿರುವ ವಸ್ತುವಿನ ಮೇಲೆ ಗಮನ ಇಡುವುದನ್ನು ಕೋತಿಗೆ ಕಲಿಸುತ್ತಾರೆ. ಸರಿಯಾಗಿ ಮಾಡಿದರೆ ಒಂದೆರಡು ಹನಿ ಜ್ಯೂಸ್ ಸಿಗುತ್ತದೆ. ಆ ಹೊತ್ತಿಗೆ ಕೂದಲಿಗಿಂತ ಸಣ್ಣ ತಂತಿಯೊಂದು ಅದರ ಮೆದುಳಿನ ಒಂದೊಂದೇ ನರಕೋಶದ ಮಿಡಿತವನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಇಂಥ ಪ್ರಯೋಗದ ಬಗ್ಗೆ ಓದುವಾಗ ಮನಸ್ಸಿಗೆ ಕಸಿವಿಸಿ ಆಗುತ್ತದೆ, ನನಗೂ ಆಗುತ್ತದೆ. ಕೋತಿಯೇ ಯಾಕೆ, ಇಲಿ ಸಾಲದಾ ಅಂದರೆ, ಇಲಿಯ ಕಣ್ಣು ನಮ್ಮ ಕಣ್ಣಿನ ಹಾಗಲ್ಲ. ನಟ್ಟನಡುವೆ ಮಾತ್ರ ತೀರಾ ಸ್ಪಷ್ಟವಾಗಿ ಕಾಣುವ ನಮ್ಮಂಥ ಕಣ್ಣು ಇರುವುದು ಕೋತಿಗೆ.

1985ರಲ್ಲಿ ಅಮೆರಿಕದಲ್ಲಿ ಮೊರಾನ್ ಮತ್ತು ಡೆಸಿಮೋನ್ ಎಂಬಿಬ್ಬರು ವಿ4 ಎಂಬ ಭಾಗದ ಕೋಶಗಳನ್ನು ಹೀಗೆ ಕೇಳಿಸಿಕೊಂಡರು. ವಿ4 ಬಣ್ಣ, ಆಕಾರ ಗುರುತಿಸುವ ದಾರಿಯಲ್ಲಿ ಬರುವ ಭಾಗ. ಒಂದೊಂದು ಕೋಶಕ್ಕೂ ಅದು ನೋಡಿಕೊಳ್ಳುವ ಒಂದು ಜಾಗ ಇರುತ್ತದೆ, ಇಷ್ಟದ ಬಣ್ಣವೂ ಇರುತ್ತದೆ. ಕೆಂಪು ಇಷ್ಟಪಡುವ ಕೋಶ ಅಂತ ಇಟ್ಟುಕೊಳ್ಳಿ. ಅದರ ಜಾಗದೊಳಗೆ ಕೆಂಪು ಪಟ್ಟಿ, ಹಸಿರು ಪಟ್ಟಿ ಎರಡೂ ಇವೆ. ಕೋತಿ ಕೆಂಪಿನ ಮೇಲೆ ಗಮನ ಇಟ್ಟರೆ ಕೋಶ ಜೋರಾಗಿ ಮಿಡಿಯುತ್ತದೆ. ಹಸಿರಿನ ಮೇಲೆ ಇಟ್ಟರೆ ಮಿಡಿತ ಇಳಿದುಹೋಗುತ್ತದೆ. ಪರದೆಯ ಮೇಲೆ ಏನೂ ಬದಲಾಗಿಲ್ಲ, ಕಣ್ಣೂ ಅಲುಗಿಲ್ಲ. ಆದರೂ ಕೋಶದ ಪಾಲಿಗೆ ಕೆಂಪು ಪಟ್ಟಿ ಹೆಚ್ಚುಕಡಿಮೆ ಮಾಯ. ಎದುರಿಗೇ ಇರುವ ಕೀಲಿಕೈಗೆ ಮನೆಯೆಲ್ಲ ತಡಕಾಡುತ್ತೀವಲ್ಲ, ಅದು ಯಾಕೆ ಅಂತ ನನಗೆ ಹೊಳೆದದ್ದು ಇದನ್ನು ಓದಿದಾಗ.

ಹಾಗಾದರೆ ‘ಇದನ್ನು ನೋಡು, ಅದನ್ನು ಬಿಡು’ ಅಂತ ವಿ4ಗೆ ಹೇಳುವವರು ಯಾರು? ಹಣೆಯ ಹಿಂದಿನ ಮುಂಮೆದುಳಿನಲ್ಲಿ ಕಣ್ಣು ತಿರುಗಿಸುವ ಒಂದು ಭಾಗ ಇದೆ. 2003ರಲ್ಲಿ ಮೂರ್ ಮತ್ತು ಆರ್ಮ್‌ಸ್ಟ್ರಾಂಗ್ ಅಲ್ಲಿಗೆ ತೀರಾ ಸಣ್ಣ ಕರೆಂಟ್ ಕೊಟ್ಟರು. ಕಣ್ಣು ಅಲುಗಲು ಸಾಲದಷ್ಟು ಸಣ್ಣದು. ಕಣ್ಣು ಅಲುಗಲಿಲ್ಲ, ಆದರೆ ಕರೆಂಟ್ ಜೋರಾಗಿದ್ದರೆ ಕಣ್ಣು ಯಾವ ಜಾಗಕ್ಕೆ ತಿರುಗುತ್ತಿತ್ತೋ ಅದೇ ಜಾಗವನ್ನು ನೋಡಿಕೊಳ್ಳುವ ವಿ4 ಕೋಶಗಳ ಮಿಡಿತ ಏರಿತು. ಅಂದರೆ ಗಮನ ಅನ್ನುವುದು ಕಣ್ಣು ತಿರುಗಿಸದೆ ನೋಡುವ ಕೆಲಸ. ಬೆಟ್ಟದ ಆ ಕಳ್ಳ ಮಾಡಿದ್ದೂ ಅದೇ ಅಲ್ವಾ!

ಇನ್ನು ನೆನಪು. 1930ರ ದಶಕದಲ್ಲೇ ಜೇಕಬ್‌ಸನ್ ಎಂಬವರು ಒಂದು ವಿಷಯ ಗಮನಿಸಿದ್ದರು. ಎರಡು ಬಟ್ಟಲಲ್ಲಿ ಒಂದರ ಕೆಳಗೆ ತಿನಿಸು ಇಟ್ಟು, ಕೆಲವು ಸೆಕೆಂಡು ಪರದೆ ಇಳಿಸಿ, ಆಮೇಲೆ ತೆಗೆದರೆ ಮುಂಮೆದುಳಿಗೆ ಪೆಟ್ಟಾದ ಕೋತಿ ತಬ್ಬಿಬ್ಬಾಗುತ್ತದೆ. 1971ರಲ್ಲಿ ಫುಸ್ಟರ್ ಮತ್ತು ಅಲೆಕ್ಸಾಂಡರ್ ಅದೇ ಭಾಗದ ಕೋಶಗಳನ್ನು ಕೇಳಿಸಿಕೊಂಡರು. ಪರದೆ ಇಳಿದು ಏನೂ ಕಾಣದಿರುವಾಗಲೂ ಕೆಲವು ಕೋಶಗಳು ಮಿಡಿಯುತ್ತಲೇ ಇದ್ದವು. 1989ರಲ್ಲಿ ಫುನಾಹಾಶಿ, ಬ್ರೂಸ್, ಗೋಲ್ಡ್‌ಮನ್-ರಾಕಿಚ್ ಇನ್ನೂ ಅಚ್ಚುಕಟ್ಟಾಗಿ ತೋರಿಸಿದರು. ಎಂಟು ಜಾಗಗಳಲ್ಲಿ ಒಂದರಲ್ಲಿ ಬೆಳಕು ಮಿಂಚಿ ಆರುತ್ತದೆ. ಕೋತಿ ಕಾಯಬೇಕು, ಆಮೇಲೆ ಆ ಜಾಗಕ್ಕೆ ಕಣ್ಣು ಹಾಯಿಸಬೇಕು. ಕಾಯುವ ಹೊತ್ತಿನಲ್ಲಿ ಒಂದು ಕೋಶ ಬಲಬದಿಯ ಜಾಗಕ್ಕೆ ಮಿಡಿದರೆ ಇನ್ನೊಂದು ಮೇಲಿನ ಜಾಗಕ್ಕೆ ಮಿಡಿಯುತ್ತದೆ. ನಡುವೆ ಮಿಡಿತ ಕುಸಿದರೆ ಕೋತಿ ತಪ್ಪು ಕಡೆ ನೋಡುತ್ತದೆ. ನನ್ನ ಮಟ್ಟಿಗೆ ಇಡೀ ಕಥೆಯ ಜೀವಾಳ ಇದು. ಕ್ಷಣದ ನೆನಪು ಕಪಾಟಿನಲ್ಲಿಟ್ಟ ಪುಸ್ತಕ ಅಲ್ಲ, ಕೈಯಲ್ಲಿ ಹಿಡಿದ ನೀರಿನ ಬಿಂದಿಗೆ. ಹಿಡಿದಿರುವಷ್ಟು ಹೊತ್ತು ಮಾತ್ರ ಇದೆ. (ಮಿಡಿತ ಎಡೆಬಿಡದೆ ನಡೆಯುವುದಿಲ್ಲ, ಬಿಟ್ಟುಬಿಟ್ಟು ಬರುತ್ತದೆ, ನಡುವೆ ಕೋಶಗಳ ನಂಟೇ ಅದನ್ನು ಕಾಯ್ದುಕೊಳ್ಳುತ್ತದೆ ಎಂಬ ವಾದವೂ ಈಚೆಗೆ ಜೋರಾಗಿದೆ.)

ಈಗ ನಿಮ್ಮ ಅಡುಗೆಮನೆಗೆ ಬರೋಣ. 1996ರಲ್ಲಿ ಮಿಲ್ಲರ್, ಎರಿಕ್‌ಸನ್, ಡೆಸಿಮೋನ್ ಕೋತಿಗೆ ಒಂದು ಚಿತ್ರ ತೋರಿಸಿ, ನೆನಪಿಟ್ಟುಕೊಂಡಿರುವಾಗಲೇ ಬೇರೆ ಚಿತ್ರಗಳನ್ನು ಒಂದಾದ ಮೇಲೊಂದು ತೂರಿಸಿದರು. ಕಿವಿಯ ಬದಿಯ, ನೋಟಕ್ಕೆ ಸಂಬಂಧಪಟ್ಟ ಭಾಗದಲ್ಲಿ ಮೊದಲ ಚಿತ್ರದ ಗುರುತು ಅಳಿಸಿಹೋಯಿತು. ಮುಂಮೆದುಳಿನಲ್ಲಿ ಉಳಿಯಿತು. ನೀವು ಕತ್ತರಿ ತರಲು ಹೊರಟಿರಿ. ದಾರಿಯಲ್ಲಿ ಫೋನ್ ಮಿಣುಕಿತು, ಕುಕ್ಕರ್ ಕೂಗಿತು. ಕಣ್ಣಿಗೆ ಕಂಡದ್ದು ಹೇಗೂ ಅಳಿಸಿಹೋಗುತ್ತದೆ. ಮುಂಮೆದುಳೂ ಫೋನಿನ ಕಡೆ ಹೊರಳಿದರೆ ಕತ್ತರಿಯನ್ನು ಹಿಡಿದಿಡಲು ಯಾರೂ ಇಲ್ಲ. ಅಲ್ಲದೆ ಹಿಡಿತವೂ ಚಿಕ್ಕದು. ಮನುಷ್ಯರಿಗೆ ಒಂದು ಸಲಕ್ಕೆ ಮೂರು ನಾಲ್ಕು ವಸ್ತು ಹಿಡಿದರೆ ಹೆಚ್ಚು. ಆದ್ದರಿಂದ ಗಾಬರಿ ಬೇಡ, ಇದು ಎಲ್ಲರಿಗೂ ಆಗುತ್ತದೆ.

ಚಿಂಪಾಂಜಿ ವಿಷಯ ಅರ್ಧ ನಿಜ. ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಅಯುಮು ಎಂಬ ಮರಿ ಚಿಂಪಾಂಜಿ, ಪರದೆಯ ಮೇಲೆ 210 ಮಿಲಿಸೆಕೆಂಡು ಮಾತ್ರ ಕಂಡು ಮರೆಯಾದ ಐದು ಅಂಕಿಗಳ ಜಾಗಗಳನ್ನು ಕ್ರಮವಾಗಿ ಮುಟ್ಟುತ್ತಿತ್ತು. ನೂರಕ್ಕೆ ಸುಮಾರು 80 ಸಲ ಸರಿ. ಕಾಲೇಜು ವಿದ್ಯಾರ್ಥಿಗಳು ಅರ್ಧದಷ್ಟೂ ದಾಟಲಿಲ್ಲ. ಇದು 2007ರ ಸುದ್ದಿ. ಆದರೆ ಅಯುಮುಗೆ ಅಭ್ಯಾಸ ಜಾಸ್ತಿ ಇತ್ತು. ಆಮೇಲೆ ಬೇರೆಯವರು ಮನುಷ್ಯರಿಗೂ ಚೆನ್ನಾಗಿ ಅಭ್ಯಾಸ ಮಾಡಿಸಿದರು, ಅವರೂ ಆ ಮಟ್ಟ ಮುಟ್ಟಿದರು.

ಅಂದಹಾಗೆ ನೀವು ಬೆಂಗಳೂರಿನವರು ಅಂತ ಬರೆದಿದ್ದೀರಿ. ನೋಟ, ಗಮನದ ಇಂಥ ಕೆಲಸ ನಿಮ್ಮೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ನಡೆಯುತ್ತದೆ. ಅಲ್ಲಿ ಬಳಸುವುದು ನಮ್ಮ ಬೆಟ್ಟ ಗುಡ್ಡಗಳಲ್ಲಿ ಕಾಣುವ ಜಾತಿಯ ಕೋತಿಯನ್ನೇ, ಅದೇ ತಲೆಯ ಮೇಲೆ ಬೈತಲೆ ತೆಗೆದಂಥ ಟೋಪಿ ಕೂದಲಿನದು, ನನ್ನ ಬಾಳೆಹಣ್ಣು ಕಿತ್ತುಕೊಂಡು ಓಡಿದ್ದು.