ಯಾವ ಪದವನ್ನು ಬಿಡಬಹುದು? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿ, ಐದು ವರ್ಷಗಳಿಂದ ಇಲ್ಲಿಯ ಪಂಪ್ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಪಂಪಿನೊಳಗಿನ ಹರಿವನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕಿಸಿ, ಬಣ್ಣದ ಚಿತ್ರಗಳನ್ನು ವರದಿಗೆ ಸೇರಿಸುವುದು ನನ್ನ ಕೆಲಸ. ಕಳೆದ ತಿಂಗಳು ಹಿರಿಯರೊಬ್ಬರು ಒಂದು ಚಿತ್ರವನ್ನು ನೋಡಿ, ಇದು ಸರಿಯೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಫ್ಲೂಯಿಡ್ ಮೆಕ್ಯಾನಿಕ್ಸನ್ನು (ನೀರು, ಗಾಳಿಗಳ ಹರಿವಿನ ವಿಜ್ಞಾನವನ್ನು) ಎಂ.ಟೆಕ್. ಮಟ್ಟದಲ್ಲಿ ಓದಬೇಕೆಂದು ಎರಡು ಬಾರಿ ದಪ್ಪ ಪುಸ್ತಕ ಹಿಡಿದು, ಎರಡೂ ಬಾರಿ ಟೆನ್ಸರ್ ಅಧ್ಯಾಯದಲ್ಲಿ ನಿಂತುಹೋದೆ. ಗಣಿತವನ್ನು ಮೊದಲು ಪೂರ್ತಿ ಮುಗಿಸಬೇಕೇ? ಕೆಲಸ ಬಿಡದೆ ಓದಬಹುದೇ?
– ಓದುಗರೊಬ್ಬರು, ಚಿಂಚವಡ, ಪುಣೆ

ಉತ್ತರ: ಬಿ.ಇ. ತರಗತಿಯಲ್ಲಿ ಈ ವಿಷಯವೆಂದರೆ ಸೂತ್ರಗಳ ಗಂಟು. ಮುಂದಿನ ಓದಿನಲ್ಲಿ ಅದು ಬಹುಮಟ್ಟಿಗೆ ಒಂದೇ ಸಮೀಕರಣ. ನೇವಿಯರ್ 1822ರಲ್ಲಿ ಮಂಡಿಸಿ, ಸ್ಟೋಕ್ಸ್ 1845ರಲ್ಲಿ ಭದ್ರವಾದ ತಳಹದಿಯ ಮೇಲೆ ನಿಲ್ಲಿಸಿದ ಆ ಸಮೀಕರಣದಿಂದ ಯಾವ ಪದವನ್ನು (ಟರ್ಮ್ ಅನ್ನು), ಎಲ್ಲಿ, ಯಾವ ಆಧಾರದ ಮೇಲೆ ಕೈಬಿಡಬಹುದು ಎಂದು ತೀರ್ಮಾನಿಸಲು ಕಲಿಯುವುದೇ ಎಂ.ಟೆಕ್. ಮಟ್ಟದ ಓದಿನ ಮುಕ್ಕಾಲು ಭಾಗವೆಂದು ನನ್ನ ಅಭಿಪ್ರಾಯ. ನಾವೆಲ್ಲ ಬಾಯಿಪಾಠ ಮಾಡಿದ ಸೂತ್ರಗಳಲ್ಲಿ ಹೆಚ್ಚಿನವು ಹಾಗೆ ಕೈಬಿಟ್ಟ ಮೇಲೆ ಉಳಿದ ಚೂರುಗಳು. (ಕನ್ನಡದಲ್ಲಿ ಇದನ್ನು ದ್ರವಗಳ ಬಲವಿಜ್ಞಾನವೆಂದರೆ ಗಾಳಿ ಹೊರಗುಳಿಯುತ್ತದೆ, ಆದ್ದರಿಂದ ಕಾಲೇಜಿನ ಹೆಸರನ್ನೇ ಉಳಿಸಿಕೊಂಡಿದ್ದೇನೆ.)

ಅಡುಗೆಮನೆಯ ನಲ್ಲಿಯನ್ನು, ನೀರು ಗಾಜಿನ ಕಡ್ಡಿಯಂತೆ ಇಳಿಯುವಷ್ಟು ಮಾತ್ರ ತಿರುಗಿಸಿ ನೋಡಿ. ಬಾಯಿಯ ಬಳಿ ದಪ್ಪಗಿರುವ ಧಾರೆ ಕೆಳಗಿಳಿದಂತೆ ಸಪೂರವಾಗುತ್ತದೆ. ನಲ್ಲಿಯ ಬಾಯಿ 1.5 ಸೆಂ.ಮೀ., ಅಲ್ಲಿ ನೀರಿನ ವೇಗ ಸೆಕೆಂಡಿಗೆ 0.3 ಮೀಟರ್ ಎಂದಿಟ್ಟುಕೊಂಡರೆ, 20 ಸೆಂ.ಮೀ. ಕೆಳಗೆ ಆ ವೇಗ ಸೆಕೆಂಡಿಗೆ 2 ಮೀಟರ್ ಆಗಿರುತ್ತದೆ. ಅಷ್ಟೇ ನೀರು ಆ ವೇಗದಲ್ಲಿ ಹಾಯಬೇಕಾದರೆ ಧಾರೆಯ ವ್ಯಾಸ 0.6 ಸೆಂ.ಮೀ. ಆಸುಪಾಸಿಗೆ ಇಳಿಯಲೇಬೇಕು. ಇಷ್ಟನ್ನು ಎರಡನೆಯ ವರ್ಷದ ವಿದ್ಯಾರ್ಥಿಯೂ ಬರ್ನೂಲಿಯ ಸೂತ್ರದಿಂದ ಮಾಡುತ್ತಾನೆ. ಆದರೆ ಮೇಲ್ಮೈ ಎಳೆತವನ್ನು ನಾವು ಸದ್ದಿಲ್ಲದೆ ಬಿಟ್ಟಿದ್ದೇವಲ್ಲ, ಬಿಡಬಹುದಿತ್ತೇ? ಧಾರೆ ಸಪೂರವಾದಷ್ಟೂ ಈ ಎಳೆತ ಅದರೊಳಗಿನ ಒತ್ತಡವನ್ನು ಹೆಚ್ಚಿಸುತ್ತದೆ. ನಮ್ಮ ಲೆಕ್ಕದಲ್ಲಿ ಧಾರೆಯ ಮೇಲ್ತುದಿಗೂ ಕೆಳತುದಿಗೂ ನಡುವೆ ಆ ಹೆಚ್ಚಳ ಸುಮಾರು 15 ಪಾಸ್ಕಲ್, 20 ಸೆಂ.ಮೀ. ಎತ್ತರದ ನೀರಿನ ಒತ್ತಡ ಸುಮಾರು 1,960 ಪಾಸ್ಕಲ್. ನೂರಕ್ಕೆ ಒಂದು ಪಾಲೂ ಆಗಲಿಲ್ಲ, ಬಿಡಬಹುದು. ಅದೇ ನಲ್ಲಿಯನ್ನು ಇನ್ನಷ್ಟು ಬಿಗಿದು ನೀರು ತೊಟ್ಟಿಕ್ಕುವಂತೆ ಮಾಡಿದರೆ, ಹನಿಯ ಗಾತ್ರವನ್ನು ಗೊತ್ತುಮಾಡುವುದೇ ಈಗ ಬಿಟ್ಟ ಮೇಲ್ಮೈ ಎಳೆತ.

ಚಿಕ್ಕದೆಂದು ಬಿಟ್ಟ ಪದ ತಿರುಗಿಬಿದ್ದದ್ದೂ ಉಂಟು. ಸ್ನಿಗ್ಧತೆಯಿಲ್ಲದ, ಅಂದರೆ ಪದರ ಪದರಗಳ ನಡುವೆ ತಿಕ್ಕಾಟವಿಲ್ಲದ ಹರಿವಿನ ಲೆಕ್ಕ ಮಾಡಿದ ಫ್ರೆಂಚ್ ಗಣಿತಜ್ಞ ದಾಲಂಬೇರ್, ಒಂದೇ ವೇಗದಲ್ಲಿ ಚಲಿಸುವ ವಸ್ತುವನ್ನು ನೀರು ತಡೆಯುವುದೇ ಇಲ್ಲವೆಂಬ ಉತ್ತರಕ್ಕೆ 1752ರ ಹೊತ್ತಿಗೆ ಬಂದು ತಲುಪಿದ್ದ. ಹುಟ್ಟು ಹಾಕಿದ ಯಾವ ಅಂಬಿಗನೂ ಇದನ್ನು ನಂಬಲಾರ. 1904ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಜರ್ಮನ್ ವಿಜ್ಞಾನಿ ಪ್ರಾಂಟ್ಲ್ ಈ ತೊಡಕನ್ನು ಬಿಡಿಸಿದ. ಗೋಡೆಯಿಂದ ದೂರದಲ್ಲಿ ಸ್ನಿಗ್ಧತೆಯನ್ನು ಬಿಡಬಹುದು. ಆದರೆ ಗೋಡೆಗೆ ತಾಗಿದ ನೀರು ಗೋಡೆಗೇ ಅಂಟಿಕೊಳ್ಳುವುದರಿಂದ, ಅದಕ್ಕೆ ಹತ್ತಿದ ತೆಳುವಾದ ಬೌಂಡರಿ ಲೇಯರ್‌ನಲ್ಲಿ ಬಿಡುವಂತಿಲ್ಲ. ನಿಮ್ಮ ಪಂಪ್ ಕಡಿಮೆ ನೀರೆತ್ತುವಾಗ, ಒಳಗೆ ತಿರುಗುವ ಚಕ್ರವಾದ ಇಂಪೆಲ್ಲರ್‌ನ ಬ್ಲೇಡಿನಿಂದ ಕಿತ್ತು ಸುಳಿಯಾಗುವುದು ಈ ಪದರವೇ.

ಈಗ ಬಣ್ಣದ ಚಿತ್ರದ ವಿಷಯಕ್ಕೆ ಬರೋಣ. ನಿಮ್ಮ ಸಾಫ್ಟ್‌ವೇರ್ ಮೂಲ ಸಮೀಕರಣವನ್ನು ಇದ್ದಂತೆಯೇ ಬಿಡಿಸುತ್ತಿಲ್ಲ. ಟರ್ಬುಲೆಂಟ್ (ಕದಡಿದ, ಸುಳಿಗಳಿಂದ ತುಂಬಿದ) ಹರಿವಿನ ಅತಿ ಸಣ್ಣ ಸುಳಿಯನ್ನೂ ಹಿಡಿಯಬೇಕಾದರೆ ಲೆಕ್ಕದ ಜಾಲರಿಯಲ್ಲಿ ಬೇಕಾಗುವ ಬಿಂದುಗಳ ಸಂಖ್ಯೆ ಸ್ಥೂಲವಾಗಿ ರೆನಾಲ್ಡ್ಸ್ ಸಂಖ್ಯೆಯ (ಹರಿವಿನ ಓಟಕ್ಕೂ ಸ್ನಿಗ್ಧತೆಯ ತಡೆಗೂ ಇರುವ ಅನುಪಾತದ) 9/4 ಘಾತದಂತೆ ಏರುತ್ತದೆ. ರೆನಾಲ್ಡ್ಸ್ ಸಂಖ್ಯೆ 10,000 ಇದ್ದರೇ ಅದು ನೂರು ಕೋಟಿ, ಪಂಪುಗಳಲ್ಲಿ ಆ ಸಂಖ್ಯೆ ಇದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಸಾಫ್ಟ್‌ವೇರ್ ಸಮೀಕರಣದ ಸರಾಸರಿ ತೆಗೆದುಕೊಂಡು, ಹಾಗೆ ತೆಗೆಯುವಾಗ ಹುಟ್ಟಿಕೊಳ್ಳುವ ಹೊಸ ಅಜ್ಞಾತಗಳ ಜಾಗದಲ್ಲಿ ಅನುಭವದಿಂದ ಕಟ್ಟಿದ ಒಂದು ಮಾದರಿಯನ್ನು ಕೂರಿಸುತ್ತದೆ. ಯಾವ ಮಾದರಿ ಕೂರಿಸಿದ್ದೀರಿ, ಗೋಡೆಯಿಂದ ಮೊದಲ ಬಿಂದು ಎಷ್ಟು ದೂರದಲ್ಲಿದೆ, ಜಾಲರಿಯ ಕಣ್ಣುಗಳ ಗಾತ್ರವನ್ನು ಅರ್ಧಕ್ಕೆ ಇಳಿಸಿದರೆ ಹೆಡ್ (ಪಂಪ್ ನೀರನ್ನೆತ್ತುವ ಎತ್ತರ) ಎಷ್ಟು ಬದಲಾಗುತ್ತದೆ, ಪಂಪನ್ನು ಓಡಿಸಿ ನೋಡುವ ಟೆಸ್ಟ್ ಬೆಡ್ಡಿನ ಅಳತೆಗೆ ಅದು ಹೊಂದುತ್ತದೆಯೇ ಎಂಬ ನಾಲ್ಕು ವಿಷಯಗಳನ್ನು ಹೇಳಲು ಸಾಧ್ಯವಾದರೆ, ನಿಮ್ಮ ಹಿರಿಯರಿಗೆ ಅರ್ಧ ಉತ್ತರ ಕೊಟ್ಟಂತೆ.

ಗಣಿತವನ್ನು ಮೊದಲು ಮುಗಿಸಿ ಆಮೇಲೆ ನೀರಿಗಿಳಿಯುತ್ತೇನೆಂದು ಹೊರಟವರು ನೀರಿಗಿಳಿದದ್ದನ್ನು ನಾನು ಕಂಡಿಲ್ಲ. ಟೆನ್ಸರ್ ಎಂಬ ಹೆಸರಿಗೆ ಹೆದರದೆ, ನೀರಿನ ಒಂದು ಪುಟ್ಟ ಘನವನ್ನು ಕಾಗದದ ಮೇಲೆ ಬರೆದು, ಅದರ ಮುಖಗಳ ಮೇಲಿನ ಬಲಗಳನ್ನು ಗುರುತಿಸಿ. ಒಂಬತ್ತು ಸಂಖ್ಯೆಗಳು ಬರುತ್ತವೆ. ಘನ ತನ್ನಷ್ಟಕ್ಕೆ ಗಿರಗಿರನೆ ಸುತ್ತಬಾರದೆಂಬ ಕಾರಣಕ್ಕೆ ಅವುಗಳಲ್ಲಿ ಆರು ಮಾತ್ರ ಸ್ವತಂತ್ರವಾಗಿ ಉಳಿಯುತ್ತವೆ. ಅಲ್ಲಿಂದ ಕೊಳವೆಯೊಳಗಿನ ಹರಿವನ್ನೂ, ಥಟ್ಟನೆ ಎಳೆದ ಹಲಗೆಯ ಮೇಲಿನ ಹರಿವನ್ನೂ ಕೈಯಲ್ಲೇ ಬಿಡಿಸಿ. ಎರಡನೆಯದರಲ್ಲಿ ಹಲಗೆಯ ಸುದ್ದಿ ನೀರಿಗೆ ಎಷ್ಟು ನಿಧಾನವಾಗಿ ಮುಟ್ಟುತ್ತದೆಂಬುದು ಕಾಣುತ್ತದೆ: 100 ಸೆಕೆಂಡು ಕಳೆದರೂ ನಾಲ್ಕೈದು ಸೆಂಟಿಮೀಟರಿನಾಚೆಗೆ ಅದು ಗೊತ್ತೇ ಆಗಿರುವುದಿಲ್ಲ. ಬೌಂಡರಿ ಲೇಯರ್ ಅಷ್ಟು ತೆಳುವಾಗಿರುವುದೇಕೆ ಎಂಬುದರ ಸುಳಿವು ಅಲ್ಲಿಯೇ ಇದೆ.

ಕೆಲಸ ಬಿಡಬೇಡಿ. ಅಂತರಜಾಲದ ಪಾಠಗಳ ತಾಣವಾದ ಎನ್‌ಪಿಟೆಲ್‌ನಲ್ಲಿ ಐಐಟಿಗಳ ಹಾಗೂ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರ ಪಾಠಗಳು ಉಚಿತವಾಗಿ ದೊರೆಯುತ್ತವೆ. ಮುಂದೆ ಎಂ.ಟೆಕ್. ಪ್ರವೇಶ ಪರೀಕ್ಷೆಯಾದ ಗೇಟ್ ಬರೆಯುವುದಾದರೆ, ಇಂಜಿನಿಯರಿಂಗ್ ಸೈನ್ಸಸ್ ಪತ್ರಿಕೆಯಲ್ಲಿ ಗಣಿತ ಕಡ್ಡಾಯ, ಫ್ಲೂಯಿಡ್ ಮೆಕ್ಯಾನಿಕ್ಸ್ ಆಯ್ದುಕೊಳ್ಳಬಹುದಾದ ಭಾಗ.

ಪ್ರಶ್ನೆ: ನನ್ನ ಮಗ ಕೈತುಂಬ ಸಂಬಳದ ಕೆಲಸವನ್ನು ಬಿಟ್ಟು ಟರ್ಬುಲೆನ್ಸ್ ಕುರಿತು ಪಿಎಚ್.ಡಿ. ಮಾಡುತ್ತೇನೆನ್ನುತ್ತಾನೆ. ನೀರು ಹರಿಯುವುದರಲ್ಲಿ ಇನ್ನು ಕಂಡುಹಿಡಿಯಲು ಏನು ಉಳಿದಿದೆ?
– ತಾಯಿಯೊಬ್ಬರು, ಡೊಂಬಿವಲಿ

ಉತ್ತರ: ಬಹಳಷ್ಟು ಉಳಿದಿದೆ, ಅಮ್ಮಾ. ಮೇಲೆ ಹೇಳಿದ ಸಮೀಕರಣಕ್ಕೆ ಮೂರು ಆಯಾಮಗಳಲ್ಲಿ ಎಂದೆಂದಿಗೂ ನಯವಾದ ಪರಿಹಾರ ಇದ್ದೇ ಇರುತ್ತದೆಯೇ ಎಂಬುದೇ ಸಿದ್ಧವಾಗಿಲ್ಲ. ಅದನ್ನು ಇತ್ಯರ್ಥಗೊಳಿಸಿದವರಿಗೆ ಅಮೆರಿಕದ ಕ್ಲೇ ಸಂಸ್ಥೆ 2000ದಲ್ಲಿ ಘೋಷಿಸಿದ 10 ಲಕ್ಷ ಡಾಲರ್ ಬಹುಮಾನ ಹಾಗೆಯೇ ಕಾದಿದೆ. ಬೆಂಗಳೂರಿನ ರೊದ್ದಂ ನರಸಿಂಹ (1933–2020) ಅವರು, ನಯವಾದ ಹರಿವು ಕದಡುವಾಗ ನಡುನಡುವೆ ತಲೆಯೆತ್ತುವ ತೇಪೆಗಳನ್ನೂ, ಕದಡಿದ ಹರಿವು ಮರಳಿ ನಯವಾಗುವುದನ್ನೂ ಅಧ್ಯಯನ ಮಾಡಿ ಹೆಸರಾದವರು. ಹಣದ ಮಾತೂ ಸಂಕೋಚಪಡುವಂಥದ್ದಲ್ಲ: ಕೇಂದ್ರದ ಸಂಶೋಧನಾ ವೃತ್ತಿವೇತನ 2023ರ ಪರಿಷ್ಕರಣೆಯಲ್ಲಿ ಮೊದಲ ಎರಡು ವರ್ಷಗಳಿಗೆ ತಿಂಗಳಿಗೆ 37,000 ರೂಪಾಯಿಯಾಯಿತು. ಈಗಿನ ಸಂಬಳಕ್ಕೆ ಅದು ಸಾಟಿಯಲ್ಲ. ಮನೆ ಸಾಲದ ಕಂತು ಮಗನ ಹೆಸರಿನಲ್ಲಿದ್ದರೆ, ಆ ಲೆಕ್ಕವನ್ನು ಈಗಲೇ ಇಬ್ಬರೂ ಕೂತು ಮಾಡಿಕೊಳ್ಳಿ.

ಪ್ರಶ್ನೆ: ದೋನಾ ಪಾವ್ಲಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯಂಥಲ್ಲಿ ಸಂಶೋಧನೆ ಮಾಡುವಾಸೆ. ಸಮುದ್ರಕ್ಕೂ ಪಂಪಿಗೂ ಒಂದೇ ಸಮೀಕರಣವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ವಾಸ್ಕೊ, ಗೋವಾ

ಉತ್ತರ: ಒಂದೇ, ಆದರೆ ಬಿಡುವ ಪದ ಬೇರೆ. ಪಂಪಿನ ಲೆಕ್ಕದಲ್ಲಿ ಭೂಮಿಯ ತಿರುಗುವಿಕೆಯನ್ನು ಯಾರೂ ನೆನೆಯುವುದಿಲ್ಲ. ಗೋವಾದ ಅಕ್ಷಾಂಶದಲ್ಲಿ, 100 ಕಿ.ಮೀ. ಅಗಲಕ್ಕೆ ಸೆಕೆಂಡಿಗೆ 0.3 ಮೀಟರ್ ವೇಗದಲ್ಲಿ ಸಾಗುವ ಕರಾವಳಿ ಪ್ರವಾಹವನ್ನು ತೆಗೆದುಕೊಂಡರೆ ರಾಸ್ಬಿ ಸಂಖ್ಯೆ (ಹರಿವಿನ ಸ್ವಂತ ಓಟಕ್ಕೂ ಭೂಮಿಯ ತಿರುಗುವಿಕೆಯ ಪ್ರಭಾವಕ್ಕೂ ಇರುವ ಅನುಪಾತ) ಸುಮಾರು 0.08 ಬರುತ್ತದೆ, ಅಂದರೆ ಅಲ್ಲಿ ತಿರುಗುವಿಕೆಯದೇ ಮೇಲುಗೈ. 500 ಮೀಟರ್ ಅಗಲದ ಅಳಿವೆಯಲ್ಲಿ ಸೆಕೆಂಡಿಗೆ 1 ಮೀಟರ್ ವೇಗದ ಉಬ್ಬರಕ್ಕೆ ಅದೇ ಸಂಖ್ಯೆ 50ರಷ್ಟಾಗುವುದರಿಂದ, ಅಲ್ಲಿ ತಿರುಗುವಿಕೆಯನ್ನು ಮೊದಲ ಲೆಕ್ಕದಲ್ಲಿ ಬದಿಗಿಡಬಹುದು. ಮಳೆಗಾಲದಲ್ಲಿ ದಕ್ಷಿಣಕ್ಕೂ ಚಳಿಗಾಲದಲ್ಲಿ ಉತ್ತರಕ್ಕೂ ಹರಿಯುವ ನಮ್ಮ ಪಶ್ಚಿಮ ಕರಾವಳಿಯ ಪ್ರವಾಹವನ್ನು ಅರಿಯಲು, ಇದರ ಜೊತೆಗೆ ಸಿಹಿನೀರು ಉಪ್ಪುನೀರಿನ ಪದರಗಳ ಸಾಂದ್ರತೆಯ ವ್ಯತ್ಯಾಸವನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಖಡಕವಾಸ್ಲಾದ ಕೇಂದ್ರೀಯ ಜಲ ಮತ್ತು ವಿದ್ಯುತ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟಿನ ಮಾದರಿಯನ್ನು ನೋಡಿದೆ. ಮಾದರಿಯೆಂದ ಮೇಲೆ ಮೇಜಿನ ಮೇಲೆ ಹಿಡಿಸುವಷ್ಟು ಸಾಲದೇ? ಅಷ್ಟು ದೊಡ್ಡದೇಕೆ?
– ಓದುಗರೊಬ್ಬರು, ಮಾಟುಂಗಾ, ಮುಂಬಯಿ

ಉತ್ತರ: 1916ರಲ್ಲಿ ಮುಂಬಯಿ ಪ್ರಾಂತದ ನೀರಾವರಿ ವಿಭಾಗವಾಗಿ ಶುರುವಾದ ಆ ಕೇಂದ್ರದವರಿಗೆ ಜಾಗ ಪೋಲು ಮಾಡುವ ಚಟವಿಲ್ಲ. ಅಣೆಕಟ್ಟಿನ ಕೋಡಿಯಲ್ಲಿ ಗುರುತ್ವದ್ದೇ ಆಟವಾದ್ದರಿಂದ, ಮಾದರಿಯಲ್ಲೂ ಮೂಲದಲ್ಲೂ ಫ್ರೌಡ್ ಸಂಖ್ಯೆಯನ್ನು (ಹರಿವಿನ ಓಟಕ್ಕೂ ಗುರುತ್ವಕ್ಕೂ ಇರುವ ಅನುಪಾತವನ್ನು) ಸಮನಾಗಿಡುತ್ತಾರೆ. ಅಳತೆಯನ್ನು ನೂರರಲ್ಲೊಂದು ಪಾಲಿಗೆ ಇಳಿಸಿದರೆ ವೇಗವೂ ಕಾಲವೂ ಹತ್ತರಲ್ಲೊಂದು ಪಾಲಾಗುತ್ತವೆ. ನದಿಯ ಒಂದು ಗಂಟೆ ಅಲ್ಲಿ ಆರು ನಿಮಿಷ. ಆದರೆ ಬಳಸುವುದು ಅದೇ ನೀರಾದ್ದರಿಂದ ರೆನಾಲ್ಡ್ಸ್ ಸಂಖ್ಯೆ ಸಾವಿರದಲ್ಲೊಂದು ಪಾಲಿಗೆ ಕುಸಿಯುತ್ತದೆ. ನದಿಯಲ್ಲಿ ಅದು ಬಲು ದೊಡ್ಡದಾಗಿರುವುದರಿಂದ ಸಾವಿರದಿಂದ ಭಾಗಿಸಿದ ಮೇಲೂ ಹರಿವು ಟರ್ಬುಲೆಂಟ್ ಆಗಿಯೇ ಉಳಿಯುತ್ತದೆ, ಸ್ನಿಗ್ಧತೆಯಿಂದಾಗುವ ತಪ್ಪು ಚಿಕ್ಕದಾಗಿರುತ್ತದೆ. ಮೇಜಿನ ಮೇಲೆ ಹಿಡಿಸುವಷ್ಟಕ್ಕೆ ಕುಗ್ಗಿಸಿದರೆ ಕೋಡಿಯ ಮೇಲಿನ ನೀರು ಕೆಲವೇ ಮಿಲಿಮೀಟರಿನ ಪದರವಾಗಿ, ನದಿಯಲ್ಲಿ ಲೆಕ್ಕಕ್ಕೇ ಬಾರದ ಸ್ನಿಗ್ಧತೆ ಮತ್ತು ಮೇಲ್ಮೈ ಎಳೆತಗಳು ಅದನ್ನು ಹಿಡಿದು ಜಗ್ಗುತ್ತವೆ; ಆಗ ಅಳೆದದ್ದು ಅಣೆಕಟ್ಟಿನ ನೀರಿಗಿಂತ ಚಿಂಚವಡದ ಓದುಗರಿಗೆ ಹೇಳಿದ ತೊಟ್ಟಿಕ್ಕುವ ನಲ್ಲಿಗೆ ಹತ್ತಿರವಾಗಿರುತ್ತದೆ.