ಬ್ಯಾಕ್ಟೀರಿಯಾ ಏನನ್ನೂ ಬಯಸಲಿಲ್ಲ

ಶಹಾಪುರದ ಲೇಖಕಿಗೆ ನಮಸ್ಕಾರ.

ನಿಮ್ಮ ‘ಸಕ್ಕರೆ ತಿನ್ನುವ ಬ್ಯಾಕ್ಟೀರಿಯಾ’ ಲೇಖನ ಓದಿದೆ. ವಿಷಯ ಚೆನ್ನಾಗಿದೆ, ಅಕ್ಷರ ತಪ್ಪುಗಳಿಲ್ಲ. ನಮ್ಮ ಕಲಬುರಗಿ, ಯಾದಗಿರಿ ಕಡೆಯಿಂದ ಇಂಥ ಬರಹ ಬಂದರೆ ನನಗೆ ಖುಷಿ. ಆದರೆ ಎರಡನೇ ಪುಟದ ಒಂದು ಸಾಲು ಓದಿ ಸಿಟ್ಟು ಬಂತು:

“ಹಾಲಿನ ಸಕ್ಕರೆ ಎದುರಾದಾಗ ಇ. ಕೊಲೈ ಅದನ್ನು ಅರಗಿಸಿಕೊಳ್ಳಲು ಬಯಸಿ ಹೊಸ ಕಿಣ್ವವನ್ನು ವಿಕಾಸ ಮಾಡಿಕೊಂಡಿತು.”

‘ಬಯಸಿ’ ಬೇಡ. ಇ. ಕೊಲೈ ಒಂದು ಬ್ಯಾಕ್ಟೀರಿಯಾ, ಬಯಸೋಕೆ ಅದಕ್ಕೆ ಮಿದುಳಿಲ್ಲ. ‘ಹೊಸ’ ಕೂಡ ಬೇಡ. ನೀವು ಹೇಳುವ ಕಿಣ್ವ, ಅಂದರೆ ಆ ಸಕ್ಕರೆ ಒಡೆಯುವ ಪ್ರೋಟೀನ್, ಬೀಟಾ-ಗ್ಯಾಲಕ್ಟೋಸಿಡೇಸ್. ಅದರ ಜೀನ್ ಹಾಲು ಬರುವ ಮೊದಲೇ ಆ ಜೀವಕೋಶದಲ್ಲಿತ್ತು. ಒಂದು ಪ್ರೋಟೀನ್ ಡಿಎನ್‌ಎ ಮೇಲೆ ಕೂತು ಆ ಜೀನ್ ಕೆಲಸ ಮಾಡದಂತೆ ತಡೆದಿತ್ತು, ಅಷ್ಟೇ. ಆ ತಡೆ ಪೂರ್ತಿ ಬಿಗಿಯಲ್ಲ, ಹಾಗಾಗಿ ಕಿಣ್ವದ ಕೆಲವೇ ಅಣುಗಳು ಮೊದಲಿನಿಂದಲೂ ಇರುತ್ತವೆ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, ಒಳಗೆ ಬಂದಾಗ ಅವು ಅದರಲ್ಲಿ ಸ್ವಲ್ಪವನ್ನು ಅಲೋಲ್ಯಾಕ್ಟೋಸ್ ಎಂಬ ಇನ್ನೊಂದು ಸಕ್ಕರೆ ಮಾಡುತ್ತವೆ. ಅಲೋಲ್ಯಾಕ್ಟೋಸ್ ಹೋಗಿ ತಡೆಯುವ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಪ್ರೋಟೀನ್ ಡಿಎನ್‌ಎ ಬಿಡುತ್ತದೆ. ಕೆಲವೇ ನಿಮಿಷಗಳಲ್ಲಿ ಕಿಣ್ವ ಜಾಸ್ತಿಯಾಗುತ್ತದೆ. ಇಡೀ ಕಥೆಯಲ್ಲಿ ಒಂದು ಜೀನ್ ಕೂಡ ಬದಲಾಗಿಲ್ಲ. ಹಾಗಿದ್ದಮೇಲೆ ಇದು ವಿಕಾಸ ಹೇಗಾಯಿತು? ಇರುವ ಜೀನ್ ಕೆಲಸ ಶುರು ಮಾಡಿತು, ಅಷ್ಟೇ ಅಲ್ವಾ?

ಅದರ ಮುಂದಿನ ಸಾಲು: “ಹೀಗೆ ಅಗತ್ಯಕ್ಕೆ ತಕ್ಕಂತೆ ಜೀನ್‌ಗಳು ಬದಲಾಗುತ್ತವೆ ಎಂದು ವಿಜ್ಞಾನಿಗಳು ಕಂಡುಹಿಡಿದಿದ್ದಾರೆ.”

ಯಾವ ವಿಜ್ಞಾನಿಗಳು? ಏನು ಮಾಡಿ ಕಂಡುಹಿಡಿದರು? ಇಲ್ಲಿ ನನ್ನ ಹಳೆಯ ದಿನಗಳು ನೆನಪಾಗುತ್ತವೆ. ನಾನು ಕೆಲಸ ಕಲಿತದ್ದು ಕಲಬುರಗಿಯ ಒಂದು ಸಣ್ಣ ಪತ್ರಿಕೆಯಲ್ಲಿ. ಅಲ್ಲಿನ ಹಿರಿಯರು ಪ್ರೂಫ್ ಹಾಳೆಯನ್ನು ಜೋರಾಗಿ ಓದಿಸುತ್ತಿದ್ದರು. ಪ್ರತಿ ಕ್ರಿಯಾಪದ ಬಂದಾಗಲೂ ಒಂದೇ ಪ್ರಶ್ನೆ: “ಯಾರು ಮಾಡಿದ್ರು?” ‘ತೊಗರಿ ದರ ಕುಸಿದಿದೆ’ ಎಂದು ಬರೆದುಕೊಟ್ಟರೆ ಒಪ್ಪುತ್ತಿರಲಿಲ್ಲ. ಗಂಜ್‌ಗೆ ಹೋಗು, ಅಡತ್ ಅಂಗಡಿಯಲ್ಲಿ ಕೂತು ನೋಡು, ಯಾರು ಎಷ್ಟಕ್ಕೆ ಕೇಳಿದರು, ರೈತ ಕೊಟ್ಟನೋ ಚೀಲ ವಾಪಸ್ ಒಯ್ದನೋ ಬರಿ ಎನ್ನುತ್ತಿದ್ದರು. ಬಿಸಿಲಲ್ಲಿ ನಡೆದು ಹೋಗುತ್ತಿದ್ದೆ. ದರ ತಾನಾಗಿ ಕುಸಿಯುವುದಿಲ್ಲ ಅನ್ನೋದು ಅಲ್ಲಿ ಕಣ್ಣಾರೆ ಕಂಡೆ. ವಿಜ್ಞಾನದ ಪುಟ ನನ್ನ ಕೈಗೆ ಬಂದಾಗಲೂ ಆ ಪ್ರಶ್ನೆ ಬಿಡಲಿಲ್ಲ. ಇವತ್ತು ಅದನ್ನೇ ನಿಮಗೆ ಕೇಳುತ್ತಿದ್ದೇನೆ.

ಮಾಡಿದವರು ಇದ್ದಾರೆ. 1940ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಜಾಕ್ ಮೊನೊ ಒಂದೇ ದ್ರಾವಣಕ್ಕೆ ಎರಡು ಸಕ್ಕರೆ ಹಾಕಿ ಬ್ಯಾಕ್ಟೀರಿಯಾ ಬೆಳೆಸಿದರು. ಗ್ಲೂಕೋಸ್ ಜೊತೆ ಲ್ಯಾಕ್ಟೋಸ್ ಇಟ್ಟರೆ ಬ್ಯಾಕ್ಟೀರಿಯಾ ಮೊದಲು ಗ್ಲೂಕೋಸ್ ಮುಗಿಸುತ್ತವೆ. ಬೆಳವಣಿಗೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಮೇಲೆ ಲ್ಯಾಕ್ಟೋಸ್ ಸರದಿ. ಆ ನಿಲುಗಡೆ ಯಾಕೆ ಎಂಬ ಪ್ರಶ್ನೆಯ ಹಿಂದೆ ಅವರು ವರ್ಷಗಟ್ಟಲೆ ಬಿದ್ದರು. 1961ರಲ್ಲಿ ಫ್ರಾನ್ಸ್ವಾ ಜಾಕೋಬ್ ಜೊತೆ ಸೇರಿ, ನಾನು ಮೇಲೆ ಹೇಳಿದ ತಡೆಯ ಕಥೆ ಮುಂದಿಟ್ಟರು. 1965ರಲ್ಲಿ ನೊಬೆಲ್ ಬಂತು. ಇಷ್ಟು ಒಳ್ಳೆಯ ಕಥೆಯನ್ನು ‘ವಿಜ್ಞಾನಿಗಳು’ ಎಂಬ ಒಂದು ಮಾತಿನಲ್ಲಿ ಮುಚ್ಚಿಬಿಟ್ಟಿರಲ್ಲ!

ನಿಜವಾದ ವಿಕಾಸ ತೋರಿಸಬೇಕೇ? ಅದಕ್ಕೂ ಇದೇ ಇ. ಕೊಲೈ ಇದೆ. ಲ್ಯಾಕ್ಟೋಸ್ ಒಡೆಯುವ ಜೀನನ್ನೇ ಕಳೆದುಕೊಂಡ ತಳಿಯನ್ನು 1970ರ ದಶಕದಲ್ಲಿ ಬ್ಯಾರಿ ಹಾಲ್ ಮತ್ತಿತರರು ಲ್ಯಾಕ್ಟೋಸ್ ಮೇಲೆ ಬೆಳೆಸಿದರು. ಕೆಲವು ಕಡೆ ಅದನ್ನು ತಿಂದು ಬೆಳೆಯುವ ಗುಂಪುಗಳು ಕಾಣಿಸಿದವು. ಇಬಿಜಿ ಎಂಬ ಇನ್ನೊಂದು ಕಿಣ್ವ ಮೊದಲಿನಿಂದಲೂ ಇತ್ತು, ಆದರೆ ಲ್ಯಾಕ್ಟೋಸ್ ಒಡೆಯುವುದರಲ್ಲಿ ತೀರಾ ಮಂದ. ಅದನ್ನು ಕಟ್ಟಿರುವ ಸುಮಾರು ಸಾವಿರ ಅಮೈನೋ ಆಮ್ಲಗಳಲ್ಲಿ ಒಂದೆರಡು ಬದಲಾದದ್ದೇ ಅದು ಚುರುಕಾಯಿತು. ಜೊತೆಗೆ ಅದರ ಜೀನಿಗಿದ್ದ ತಡೆಯೂ ಕೆಟ್ಟಿತ್ತು. ಈ ಬದಲಾವಣೆಗಳು ಬೇಕೆಂದು ಕೇಳಿ ಬಂದದ್ದಲ್ಲ. ಡಿಎನ್‌ಎ ನಕಲಾಗುವಾಗ ತಪ್ಪುಗಳು ಆಗುತ್ತಲೇ ಇರುತ್ತವೆ. ಹೆಚ್ಚಿನವು ಯಾವ ಕೆಲಸಕ್ಕೂ ಬರುವುದಿಲ್ಲ. ಲ್ಯಾಕ್ಟೋಸ್ ಬಿಟ್ಟು ಬೇರೆ ಊಟ ಇಲ್ಲದ ಕಡೆ, ಉಪಯೋಗಕ್ಕೆ ಬಂದ ತಪ್ಪನ್ನು ಹೊತ್ತವು ಮರಿ ಮಾಡಿದವು. ಉಳಿದವು ಹಾಗೇ ನಿಂತವು. ನೀವು ಹೇಳಬೇಕಾಗಿದ್ದದ್ದು ಇದನ್ನು.

ಮೂರನೇ ಸಾಲು ಇನ್ನೂ ಹತ್ತಿರದ್ದು: “ತೊಗರಿ ಬೇಳೆಯ ಸಕ್ಕರೆಗಳನ್ನು ನಮ್ಮ ಹೊಟ್ಟೆ ನಿಧಾನವಾಗಿ ಅರಗಿಸುತ್ತದೆ, ಅದಕ್ಕೇ ಗ್ಯಾಸ್.” ಮತ್ತೆ ಅದೇ ಪ್ರಶ್ನೆ. ಬೇಳೆಯಲ್ಲಿರುವ ರಾಫಿನೋಸ್, ಸ್ಟ್ಯಾಕಿಯೋಸ್, ವರ್ಬಾಸ್ಕೋಸ್ ಎಂಬ ಸಕ್ಕರೆಗಳನ್ನು ಒಡೆಯಲು ಆಲ್ಫಾ-ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಬೇಕು. ನಮ್ಮ ಸಣ್ಣ ಕರುಳಲ್ಲಿ ಅದು ಇಲ್ಲ. ಹಾಗಾಗಿ ಅವು ಹಾಗೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿರುವ ಬ್ಯಾಕ್ಟೀರಿಯಾಗಳಲ್ಲಿ ಆ ಕಿಣ್ವ ಇದೆ. ಅವು ಒಡೆದು ಹುದುಗಿಸುತ್ತವೆ, ಹೈಡ್ರೋಜನ್ ಮತ್ತು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಕೆಲಸ ಅವುಗಳದ್ದು, ನೀವು ಹೆಸರು ಹಾಕಿದ್ದು ಹೊಟ್ಟೆಯದ್ದು! ಬೇಳೆ ನೆನೆಸಿದ ನೀರನ್ನು ಚೆಲ್ಲಿದರೆ ಆ ಸಕ್ಕರೆಗಳಲ್ಲಿ ಒಂದಷ್ಟು ನೀರಿನ ಜೊತೆಗೇ ಹೋಗುತ್ತವೆ. ಇದನ್ನೂ ಸೇರಿಸಿ. ತೊಗರಿ ನಾಡಿನ ಓದುಗರು ಅದನ್ನು ಖಂಡಿತ ಓದುತ್ತಾರೆ.

ಉಳಿದ ಪುಟಗಳ ಬಗ್ಗೆ ಈಗ ಮಾತಾಡುವುದಿಲ್ಲ. ಈ ಮೂರು ಸಾಲುಗಳನ್ನು ಮೊದಲು ತಿದ್ದಿ ಬರೆಯಿರಿ, ಪ್ರತಿ ಕ್ರಿಯಾಪದದ ಹತ್ತಿರ ನಿಂತು ‘ಯಾರು?’ ಎಂದು ಕೇಳಿಕೊಂಡು. ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಕಳಿಸಿದರೆ ಆ ತಿಂಗಳ ಸಂಚಿಕೆಯಲ್ಲೇ ಹಾಕುತ್ತೇನೆ.