ಹೊಸ ಪ್ರೊಸೆಸರ್ ಕೊಳ್ಳುವ ಮೊದಲು ಎಕ್ಸಿಟ್ ಎಣಿಸಿ

ಸರ್, ಹಳೆಯ ಕಂಪ್ಯೂಟರಿನಲ್ಲಿ ಕೆವಿಎಂ (ಲಿನಕ್ಸ್‌ನೊಳಗೆ ಇನ್ನೊಂದು ಕಂಪ್ಯೂಟರ್ ಇರುವಂತೆ ಓಡಿಸುವ ವ್ಯವಸ್ಥೆ) ಮೇಲೆ ವಿಂಡೋಸ್ ಓಡಿಸುತ್ತಿದ್ದೇನೆ, ದೊಡ್ಡ ಕಡತ ನಕಲಿಸುವಾಗ ಹೋಸ್ಟ್‌ನ, ಅಂದರೆ ಹೊರಗಿನ ನಿಜ ಕಂಪ್ಯೂಟರಿನ, ಒಂದು ಕೋರ್ ಪೂರ್ತಿ ತುಂಬುತ್ತದೆ, ಹೊಸ ಪ್ರೊಸೆಸರ್ ಕೊಳ್ಳಲೇ ಎಂದು ಕೇಳಿದ್ದೀರಿ. ಸದ್ಯಕ್ಕೆ ಬೇಡ. ನೀವು ತೋರಿಸಿರುವ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಕಾರ್ಡ್ ಇ1000, ಡಿಸ್ಕ್ ಐಡಿಇ; ಎರಡೂ ಹಳೆಯ ನಿಜ ಸಾಧನಗಳ ನಕಲು. ನನ್ನ ಅನುಮಾನ ಅವುಗಳ ಮೇಲೆ.

ಗೆಸ್ಟ್‌ನ, ಅಂದರೆ ಒಳಗೆ ಓಡುವ ವಿಂಡೋಸ್‌ನ, ಸಾಮಾನ್ಯ ಕೆಲಸ ಪ್ರೊಸೆಸರ್ ಮೇಲೆ ನೇರವಾಗಿ ನಡೆಯುತ್ತದೆ. ಆದರೆ ಇ1000ರ ರಿಜಿಸ್ಟರ್ ಮುಟ್ಟಿದಾಗ ಓಟ ನಿಲ್ಲಬೇಕಾಗುತ್ತದೆ, ಏಕೆಂದರೆ ನಿಮ್ಮ ಕಂಪ್ಯೂಟರಿನಲ್ಲಿ ನಿಜವಾಗಿ ಅಂಥ ಕಾರ್ಡ್ ಇಲ್ಲ. ಕ್ಯೂಎಮು ಎಂಬ ಪ್ರೋಗ್ರಾಂ ಅದರ ವೇಷ ಹಾಕಿದೆ. ಹೀಗೆ ನಿಲ್ಲುವುದೇ ಎಕ್ಸಿಟ್. ನಿಯಂತ್ರಣ ಮೊದಲು ಹೋಸ್ಟ್ ವ್ಯವಸ್ಥೆಯ ತಿರುಳಾದ ಕರ್ನಲ್‌ನಲ್ಲಿರುವ ಕೆವಿಎಂಗೆ ಬರುತ್ತದೆ. ಇಷ್ಟಕ್ಕೆ, ಹೋಗಿ ಬರಲು, ಸುಮಾರು ಸಾವಿರ ಸೈಕಲ್ ಎನ್ನಿ. 3 ಗಿಗಾಹರ್ಟ್ಸ್‌ನಲ್ಲಿ ಮೈಕ್ರೊಸೆಕೆಂಡಿನ ಮೂರನೇ ಒಂದು ಭಾಗ. ಅಲ್ಲಿಗೇ ಮುಗಿದರೆ ಚಿಂತೆಯಿಲ್ಲ. ಆದರೆ ಕೆವಿಎಂಗೆ ಇ1000 ಗೊತ್ತಿಲ್ಲ. ಹಾಗಾಗಿ ಆ ಕೆಲಸ ಕರ್ನಲ್ ದಾಟಿ ಯೂಸರ್‌ಸ್ಪೇಸ್‌ನ (ಸಾಮಾನ್ಯ ಪ್ರೋಗ್ರಾಂಗಳು ಓಡುವ ಜಾಗ) ಕ್ಯೂಎಮುಗೆ ಹೋಗಬೇಕು, ಕ್ಯೂಎಮು ತನ್ನ ದೊಡ್ಡ ಲಾಕ್ (ಒಮ್ಮೆಗೆ ಒಂದೇ ಥ್ರೆಡ್ ಕೆಲಸ ಮಾಡುವಂತೆ ತಡೆಯುವ ಬೀಗ) ಹಿಡಿದು ಕೆಲಸ ಮುಗಿಸಿ ಮತ್ತೆ ಅದೇ ದಾರಿಯಲ್ಲಿ ಮರಳಬೇಕು. ಪಂಚಾಯಿತಿಯಲ್ಲಿ ಮುಗಿಯಬೇಕಾದ ಕೆಲಸಕ್ಕೆ ಪ್ರತಿ ಸಲವೂ ತಾಲ್ಲೂಕು ಕಚೇರಿಗೆ ಅಲೆದಂತೆ. ಅಷ್ಟು ಹೊತ್ತೂ ಗೆಸ್ಟ್‌ನ ಆ ವಿಸಿಪಿಯು (ಗೆಸ್ಟ್‌ಗೆ ಕೊಟ್ಟ ಕಲ್ಪಿತ ಪ್ರೊಸೆಸರ್) ಸುಮ್ಮನೆ ಕಾಯುತ್ತಿರುತ್ತದೆ.

ಊಹೆ ಸಾಕು, ಅಳೆಯಿರಿ. ಕಡತ ನಕಲಾಗುತ್ತಿರುವಾಗ ಹೋಸ್ಟ್‌ನಲ್ಲಿ ಪರ್ಫ್ ಸ್ಟ್ಯಾಟ್ ಎಂಬ ಲಿನಕ್ಸ್ ಅಳತೆ ಸಾಧನ ಓಡಿಸಿ, ಕೆವಿಎಂ_ಎಕ್ಸಿಟ್ ಮತ್ತು ಕೆವಿಎಂ_ಯೂಸರ್‌ಸ್ಪೇಸ್_ಎಕ್ಸಿಟ್ ಎಂಬ ಎರಡು ಟ್ರೇಸ್‌ಪಾಯಿಂಟ್‌ಗಳನ್ನು (ಕರ್ನಲ್‌ನೊಳಗಿನ ಎಣಿಕೆ ಗುರುತುಗಳು) ಹತ್ತು ಸೆಕೆಂಡು ಎಣಿಸಿ. ಮೊದಲನೆಯದು ಎಲ್ಲ ಎಕ್ಸಿಟ್‌ಗಳ ಲೆಕ್ಕ, ಎರಡನೆಯದು ಕ್ಯೂಎಮುವರೆಗೆ ಹೋದವುಗಳದು. ಮೊದಲನೆಯದು ದೊಡ್ಡದಿದ್ದು ಎರಡನೆಯದು ಚಿಕ್ಕದಿದ್ದರೆ ನನ್ನ ಅನುಮಾನ ಸುಳ್ಳು. ಎರಡನೆಯದೂ ಬೆನ್ನಿಗೇ ಏರುತ್ತಿದ್ದರೆ ಕಾಯಿಲೆ ಸಿಕ್ಕಿತು. ಪರ್ಫ್ ಕೆವಿಎಂ ಸ್ಟ್ಯಾಟ್‌ನಲ್ಲಿ ಎಚ್‌ಎಲ್‌ಟಿ (ಕೆಲಸವಿಲ್ಲದಾಗ ಪ್ರೊಸೆಸರ್ ನಿಲ್ಲಿಸುವ ಆದೇಶ) ಸಾಲಿನ ಮುಂದೆ ಭಾರಿ ಸಮಯ ಕಂಡರೆ ಗಾಬರಿ ಬೇಡ. ಅದು ಗೆಸ್ಟ್ ನಿದ್ದೆ ಮಾಡಿದ ಹೊತ್ತು.

ಮದ್ದು ವರ್ಟಿಯೊ, ಅಂದರೆ ಗೆಸ್ಟ್‌ಗಳಿಗೆಂದೇ ಮಾಡಿದ ಸಾಧನ ಮಾದರಿ. ಇಲ್ಲಿ ಗೆಸ್ಟ್ ಪ್ಯಾಕೆಟ್‌ಗಳನ್ನು ಹಂಚಿಕೊಂಡ ಮೆಮೊರಿಯಲ್ಲಿ ಸಾಲಾಗಿ ಇಟ್ಟು, ಒಂದು ಸಲ ಗಂಟೆ ಬಾರಿಸುತ್ತದೆ. 2010ರಲ್ಲಿ ಲಿನಕ್ಸ್ 2.6.34ರೊಂದಿಗೆ ಬಂದ ವಿಹೋಸ್ಟ್-ನೆಟ್ ಎಂಬ ಕರ್ನಲ್ ಭಾಗ ಇದ್ದರೆ ಆ ಗಂಟೆ ಕರ್ನಲ್‌ನೊಳಗೇ ಕೇಳಿಸುತ್ತದೆ, ಪ್ಯಾಕೆಟ್‌ಗಾಗಿ ಕ್ಯೂಎಮುವನ್ನು ಎಬ್ಬಿಸಬೇಕಿಲ್ಲ. ಡಿಸ್ಕ್ ವಿಷಯ ಸ್ವಲ್ಪ ಬೇರೆ: ವರ್ಟಿಯೊ ಹಾಕಿದರೂ ಕೆಲಸ ಮಾಡುವುದು ಕ್ಯೂಎಮುವೇ. ಆದರೆ ಐಒಥ್ರೆಡ್ ಎಂಬ ಆಯ್ಕೆ ಕೊಟ್ಟರೆ ಅದನ್ನು ಕ್ಯೂಎಮುವಿನ ಬೇರೆ ಥ್ರೆಡ್ ನೋಡಿಕೊಳ್ಳುತ್ತದೆ, ವಿಸಿಪಿಯು ತನ್ನ ಪಾಡಿಗೆ ಮುಂದುವರಿಯುತ್ತದೆ. ಯೂಸರ್‌ಸ್ಪೇಸ್‌ಗೆ ಹೋಗುವುದೇ ತಪ್ಪಲ್ಲ, ವಿಸಿಪಿಯುವನ್ನು ಅಲ್ಲಿ ಕಾಯಿಸುವುದು ತಪ್ಪು.

ವಿಂಡೋಸ್‌ನಲ್ಲಿ ಬೂಟ್ ಡಿಸ್ಕನ್ನು ನೇರವಾಗಿ ವರ್ಟಿಯೊಗೆ ಬದಲಿಸಬೇಡಿ, ನೀಲಿ ಪರದೆ ಬರುತ್ತದೆ. ಮೊದಲು ಸಣ್ಣದೊಂದು ಹೆಚ್ಚುವರಿ ವರ್ಟಿಯೊ ಡಿಸ್ಕ್ ಜೋಡಿಸಿ, ವರ್ಟಿಯೊ-ವಿನ್ ಐಎಸ್‌ಒದಿಂದ (ವಿಂಡೋಸ್‌ಗಾಗಿ ವರ್ಟಿಯೊ ಡ್ರೈವರ್‌ಗಳಿರುವ ಡಿಸ್ಕ್ ಕಡತ) ಡ್ರೈವರ್ ಹಾಕಿ, ಅದು ಕಾಣಿಸಿದ ಮೇಲೆ ಬೂಟ್ ಡಿಸ್ಕನ್ನು ಬದಲಿಸಿ. ನೆಟ್‌ವರ್ಕ್‌ಗೆ ಇಷ್ಟು ಭಯವಿಲ್ಲ, ಅಲ್ಲಿಂದಲೇ ಆರಂಭಿಸಿ. ಐಪಿ ವಿಳಾಸವನ್ನು ಕೈಯಾರೆ ಕೊಟ್ಟಿದ್ದರೆ ಮತ್ತೆ ಕೊಡಬೇಕಾದೀತು.

ಮಿಟಿಗೇಶನ್ಸ್ (ಪ್ರೊಸೆಸರ್ ದೋಷಗಳ ವಿರುದ್ಧದ ರಕ್ಷಣೆ) ಆಫ್ ಮಾಡಿ ಎಂದು ಈ ಚರ್ಚೆಯಲ್ಲಿ ಇನ್ನೊಬ್ಬರು ಬರೆದಿದ್ದಾರೆ. ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಕ್ಕೆ 2018ರಲ್ಲಿ ಹಾಕಿದ ತೇಪೆಗಳಿಂದ ಕರ್ನಲ್ ದಾಟುವ ಖರ್ಚು ಹೆಚ್ಚಿದ್ದು ನಿಜ, ಹಳೆಯ ಇಂಟೆಲ್‌ನಲ್ಲಿ ಅದು ಚೆನ್ನಾಗಿಯೇ ತಟ್ಟುತ್ತದೆ. ಆದರೂ ಆ ವಿಂಡೋಸ್‌ನಲ್ಲಿ ಮಕ್ಕಳು ಎಲ್ಲೆಲ್ಲಿಂದಲೋ ಆಟ ಇಳಿಸಿಕೊಳ್ಳುತ್ತಾರೆ ಎಂದು ನೀವೇ ಹೇಳಿದ್ದೀರಿ. ಅಂಥ ಗೆಸ್ಟ್ ಇರುವ ಹೋಸ್ಟ್‌ನಲ್ಲಿ ನಾನಂತೂ ಅದನ್ನು ಮುಟ್ಟುವುದಿಲ್ಲ. ವರ್ಟಿಯೊ ಹಾಕಿದ ಮೇಲೆ ಅದೇ ಕಡತವನ್ನು ಮತ್ತೊಮ್ಮೆ ನಕಲಿಸಿ, ಎರಡೂ ಎಣಿಕೆಗಳನ್ನು ಇಲ್ಲಿ ಹಾಕಿ.